ಪಂಪಿನ ಲೆಕ್ಕ ಇಡುವ ಯಂತ್ರ ಎರವಲು ಸಿಗಲಿ

ಮಾನ್ಯ ಸಂಪಾದಕರಿಗೆ,

ಮಕ್ಕಳ ಉಬ್ಬಸದ ಇನ್‌ಹೇಲರಿಗೆ ಸಿಕ್ಕಿಸಿ, ಅದನ್ನು ಯಾವಾಗ ಒತ್ತಿದರು ಅಂತ ಲೆಕ್ಕ ಇಡುವ ಎಲೆಕ್ಟ್ರಾನಿಕ್ ಯಂತ್ರದ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬರಹ ಬಂದಿತ್ತು. ಆಮೇಲೆ ಬಂದ ಓದುಗರ ಎರಡು ಪತ್ರಗಳನ್ನೂ ಓದಿದೆ. ಒಬ್ಬರಿಗೆ ಅದು ಬಂದರೆ ಉಬ್ಬಸವೇ ಓಡಿಹೋಗುತ್ತದೆ ಎಂಬಷ್ಟು ಖುಷಿ. ಇನ್ನೊಬ್ಬರಿಗೆ, ಮಕ್ಕಳ ಮದ್ದಿಗೂ ಕಾವಲು ಹಾಕುತ್ತಾರಲ್ಲ ಎಂಬ ಸಿಟ್ಟು. ಯಾವ ಮಗುವಿಗೆ ಅದು ಬೇಕು, ಎಷ್ಟು ದಿನಕ್ಕೆ ಬೇಕು ಅಂತ ಇಬ್ಬರೂ ಕೇಳಲಿಲ್ಲ.

ನಾನು ಡಾಕ್ಟರಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಮದ್ದಿನ ಅಂಗಡಿ ಇಟ್ಟುಕೊಂಡಿರುವ ಫಾರ್ಮಸಿಸ್ಟ್. ಇಲ್ಲೇ ಕೂತು ಇನ್‌ಹೇಲರ್ ಮಾರುತ್ತಾ ತಲೆಕೂದಲು ಬೆಳ್ಳಗಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ನನ್ನಂಥವರ ಅಂಗಡಿಗೆ ಮಾರಾಟಕ್ಕೆ ಬರುವುದಕ್ಕಿಂತ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಎರವಲು ಸಿಗುವಂತಾಗಬೇಕು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಜಾಗ ಸಾಲದಿದ್ದರೆ ಕತ್ತರಿಸಿ, ಬೇಸರವಿಲ್ಲ.

ಇಲ್ಲಿ ಇನ್‌ಹೇಲರಿಗೆ ಎಲ್ಲರೂ ಪಂಪು ಅನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಮಕ್ಕಳಿಗೆ ಡಾಕ್ಟರು ಸಾಮಾನ್ಯವಾಗಿ ಎರಡು ಬಗೆಯ ಪಂಪು ಬರೆಯುತ್ತಾರೆ. ನೀಲಿಯದರಲ್ಲಿ ಸಾಲ್ಬುಟಮಾಲ್ ಇರುತ್ತದೆ. ದಮ್ಮು ಕಟ್ಟಿದಾಗ ಎಳೆದರೆ ಕೆಲವೇ ನಿಮಿಷದಲ್ಲಿ ಉಸಿರಿನ ನಾಳ ಸಡಿಲವಾಗುತ್ತದೆ. ಇನ್ನೊಂದರ ಬಣ್ಣ ಕಂಪನಿಗೊಂದು. ಅದರಲ್ಲಿ ಬುಡೆಸೊನೈಡ್, ಫ್ಲುಟಿಕಾಸೋನ್ ತರದ ಸ್ಟಿರಾಯ್ಡ್ ಇರುತ್ತದೆ. ಅದು ನಾಳದ ಒಳಗಿನ ಊತ ಇಳಿಸುತ್ತದೆ. ಎಳೆದ ಕೂಡಲೇ ಏನೂ ಗೊತ್ತಾಗುವುದಿಲ್ಲ. ದಿನಾ ತೆಗೆದುಕೊಂಡರೆ ವಾರಗಳ ಮೇಲೆ ಗುಣ ಕಾಣುತ್ತದೆ. ಬಿಟ್ಟರೆ, ಬಿಟ್ಟದ್ದೂ ಕೂಡಲೇ ಗೊತ್ತಾಗುವುದಿಲ್ಲ. ಎಲ್ಲ ತಾಪತ್ರಯ ಇರುವುದು ಇಲ್ಲಿಯೇ.

"ಅಣ್ಣಾ, ಇದು ಎಳೆದರೆ ಏನೂ ಆಗುವುದೇ ಇಲ್ಲ. ನೀಲಿಯೇ ಕೊಡಿ" ಎಂದು ಕೇಳುವ ತಾಯಂದಿರು ನನ್ನ ಅಂಗಡಿಗೆ ಬಾರದ ವಾರವಿಲ್ಲ. ನೀಲಿ ಪಂಪು ತಿಂಗಳು ತಿಂಗಳೂ ಖರ್ಚಾಗುತ್ತದೆ. ಸ್ಟಿರಾಯ್ಡಿನದ್ದು ಕಪಾಟಿನಲ್ಲಿ ಕೂತು, ತಾರೀಕು ಮುಗಿಯುವ ಹೊತ್ತಿಗೆ ಕಂಪನಿಗೆ ವಾಪಸ್ ಹೋಗುತ್ತದೆ. ನಿಜವಾಗಿ ಇದು ತಿರುಗಾಮುರುಗಾ ಆಗಬೇಕಿತ್ತು. ನೀಲಿ ಜಾಸ್ತಿ ಖರ್ಚಾಗುವ ಮನೆಯಲ್ಲಿ ಉಬ್ಬಸ ಹತೋಟಿಯಲ್ಲಿಲ್ಲ ಎಂದೇ ಅರ್ಥ. 2019ರಿಂದ ಜಾಗತಿಕ ಮಾರ್ಗಸೂಚಿಯಾದ 'ಗೀನಾ' ಕೂಡ ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಒಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುತ್ತಿದೆ.

ಪಂಪು ಅಂದರೆ ಹೆದರಿಕೆ, ಸಿರಪ್ ಅಂದರೆ ಧೈರ್ಯ. ಇದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ. ನೀಲಿ ಪಂಪಿನ ಒಂದು ಎಳೆತದಲ್ಲಿ 100 ಮೈಕ್ರೋಗ್ರಾಂ ಮದ್ದಿದೆ. ಅದೇ ಮದ್ದಿನ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 2 ಮಿಲಿಗ್ರಾಂ, ಅಂದರೆ ಒಂದು ಚಮಚದಲ್ಲಿ 20 ಎಳೆತದಷ್ಟು. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಮಗುವಿನ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಆದರೂ ಅಜ್ಜಿಯರಿಗೆ ಸಿರಪ್ಪೇ ಸಮಾಧಾನ. ಇನ್ನು ಕೆಲವರಿಗೆ ರಾತ್ರಿ ಚೀಪುವ ಸಿಹಿ ಮಾತ್ರೆ ಮಾಂಟೆಲುಕಾಸ್ಟ್ ಇಷ್ಟ. ಮಕ್ಕಳ ನಿದ್ದೆ, ಸ್ವಭಾವ, ಮನಸ್ಸಿನ ಮೇಲೆ ಅದು ಪರಿಣಾಮ ಮಾಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರ ಮಾರ್ಚಿನಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಅದನ್ನು ಯಾರೂ ಕೇಳುವುದಿಲ್ಲ. ಪಂಪಿನ ಚಟ ಹತ್ತುತ್ತದಾ ಅಂತ ಮಾತ್ರ ಎಲ್ಲರೂ ಕೇಳುತ್ತಾರೆ.

ಚಟ ಹತ್ತುವುದಿಲ್ಲ. ಸ್ಟಿರಾಯ್ಡ್ ಪಂಪಿನಿಂದ ಮಗುವಿನ ಎತ್ತರ ಕಡಿಮೆಯಾಗುತ್ತದಾ ಅಂತ ಕೇಳುವ ಕೆಲವರಿಗೆ ನಾನು ಇದ್ದದ್ದನ್ನೇ ಹೇಳುತ್ತೇನೆ. ಅಮೆರಿಕದಲ್ಲಿ ಬುಡೆಸೊನೈಡ್ ಪಂಪನ್ನು ವರ್ಷಗಟ್ಟಲೆ ಎಳೆದ ಮಕ್ಕಳು ದೊಡ್ಡವರಾದ ಮೇಲೆ ಅಳೆದು ನೋಡಿದ್ದಾರೆ. ಅದನ್ನು ಎಳೆಯದವರಿಗಿಂತ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಬಂತು. ಅದು 2012ರಲ್ಲಿ ಪ್ರಕಟವಾಯಿತು. ಅಷ್ಟೇ. ರಾತ್ರಿಯಿಡೀ ಸುಂಯ್ ಸುಂಯ್ ಅಂತ ಕೂತೇ ಕಳೆಯುವ ಮಗುವಿನ ಬೆಳವಣಿಗೆ ಹೇಗಿರುತ್ತದೆ ಅಂತಲೂ ಯೋಚಿಸಬೇಕು, ಅಲ್ವಾ?

ಯಂತ್ರದ ವಿಷಯಕ್ಕೆ ಬರುತ್ತೇನೆ. ಯಂತ್ರ ಇಲ್ಲದೆಯೂ ಒಂದು ಲೆಕ್ಕ ನನ್ನ ಕೈಯಲ್ಲಿದೆ. ಅದು ನನ್ನ ಅಂಗಡಿಯ ಬಿಲ್ಲು ಪುಸ್ತಕ. 120 ಎಳೆತದ ಪಂಪು, ಬೆಳಿಗ್ಗೆ ಎರಡು, ರಾತ್ರಿ ಎರಡು ಅಂದರೆ ಸರಿಯಾಗಿ 30 ದಿನಕ್ಕೆ ಖಾಲಿ. ಜೂನಿನಲ್ಲಿ ಕೊಂಡು ಹೋದವರು ಮತ್ತೆ ಬರುವುದು ಚೌತಿ ಕಳೆದ ಮೇಲೆ ಆದರೆ ನಡುವೆ ಏನು ನಡೆದಿದೆ ಅಂತ ಊಹಿಸಲು ಶಾಸ್ತ್ರ ಓದಬೇಕಿಲ್ಲ. ಆದರೆ ಬಿಲ್ಲು ಅರ್ಧ ಸತ್ಯವನ್ನೇ ಹೇಳುವುದು. ಮಂಗಳೂರಿಗೆ ಹೋದಾಗ ಅಲ್ಲೇ ಕೊಂಡಿರಬಹುದು. ಅಣ್ಣ ತಮ್ಮ ಇಬ್ಬರೂ ಒಂದೇ ಪಂಪು ಎಳೆಯುತ್ತಿರಬಹುದು, ಅಂಥ ಮನೆಗಳು ನನಗೆ ಗೊತ್ತು. ತಿಂಗಳು ತಿಂಗಳು ಕೊಂಡರೂ ಎಳೆಯದೆ ಇರಬಹುದು. ಇನ್ನೂ ಒಂದಿದೆ. ಮದ್ದು ಮುಗಿದ ಮೇಲೂ ಪಂಪು ಒತ್ತಿದರೆ ಬುಸ್ ಅಂತ ಗಾಳಿ ಬರುತ್ತದೆ. ಖಾಲಿ ಪಂಪನ್ನು ವಾರಗಟ್ಟಲೆ ಎಳೆಸಿ, "ಇದರಲ್ಲಿ ಗುಣ ಇಲ್ಲ" ಅಂತ ಬೈಯುವವರಿದ್ದಾರೆ. ಈಗ ಕೆಲವು ಪಂಪುಗಳ ಬೆನ್ನಿನಲ್ಲಿ ಉಳಿದ ಎಳೆತ ತೋರಿಸುವ ಸಣ್ಣ ಕಿಟಕಿ ಇದೆ, ಎಲ್ಲದರಲ್ಲೂ ಇಲ್ಲ. ನೀರಿನಲ್ಲಿ ಹಾಕಿ ತೇಲುತ್ತದಾ ನೋಡಿ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಅದನ್ನು ನಂಬಬೇಡಿ.

ಎಲೆಕ್ಟ್ರಾನಿಕ್ ಯಂತ್ರವನ್ನು ನಾನು ಕಣ್ಣಾರೆ ಕಂಡದ್ದು ಅಕ್ಕನ ಮಗಳ ದಯೆಯಿಂದ. ಅವಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿನ ಶಾಲೆಗೆ ಬೇಸಿಗೆ ರಜೆ ಅಂದರೆ ನಮಗೆ ಆಟಿ ತಿಂಗಳು. ಆ ಜಡಿಮಳೆಯಲ್ಲಿ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನ ಪಂಪಿಗೆ ಟೊಪ್ಪಿಯ ಹಾಗೆ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿಸಿತ್ತು. ವ್ಯಾಪಾರದ ಕುತೂಹಲ ನೋಡಿ, ಬಿಚ್ಚಿ ತಿರುಗಿಸಿ ನೋಡಿದೆ. ಒಳಗೆ ಸಣ್ಣ ಬ್ಯಾಟರಿ, ಒತ್ತಿದಾಗ ತಾಗುವ ಒಂದು ಸ್ವಿಚ್ಚು. ಪಂಪು ಒತ್ತಿದ ದಿನ, ಗಂಟೆ, ನಿಮಿಷ ಅದರಲ್ಲಿ ಕೂರುತ್ತದೆ. ತಾಯಿಯ ಫೋನು ಹತ್ತಿರ ಬಂದರೆ ಬ್ಲೂಟೂತಿನಲ್ಲಿ ಅದಕ್ಕೆ ದಾಟುತ್ತದೆ. ಹೇಳಿಟ್ಟ ಹೊತ್ತಿಗೆ ಒತ್ತದಿದ್ದರೆ ಪೀಂ ಪೀಂ ಅಂತ ಕೂಗುತ್ತದೆ. ನಮ್ಮ ಹಳೆ ಮನೆಯಲ್ಲಿ ರೇಂಜ್ ಬೇಕಾದರೆ ಗುಡ್ಡೆ ಹತ್ತಬೇಕು. ಆದರೂ ಲೆಕ್ಕ ತಪ್ಪಲಿಲ್ಲ. ಯಂತ್ರದಲ್ಲೇ ಉಳಿದು, ಪೇಟೆಗೆ ಬಂದಾಗ ಫೋನಿನಿಂದ ಮುಂದೆ ಹೋಯಿತು. ಇದು ನನಗೆ ನಿಜಕ್ಕೂ ಮೆಚ್ಚುಗೆಯಾದ ಅಂಶ. ನಮ್ಮಂಥ ಊರಿಗೆ ಆಗುವುದಿಲ್ಲ ಎಂಬ ಮಾತು ಈ ವಿಷಯದಲ್ಲಿ ನಿಲ್ಲುವುದಿಲ್ಲ.

ಆದರೆ ಹುಡುಗನ ಬಾಯಿಂದ ಬಂದ ಇನ್ನೊಂದು ಮಾತು ಕೇಳಿ. "ಅಜ್ಜ, ಅದು ಕೂಗ್ತಾ ಇತ್ತು. ನಾನು ಆಟದಲ್ಲಿದ್ದೆ. ಕಿಟಕಿಯ ಹೊರಗೆ ಎರಡು ಸಲ ಒತ್ತಿದೆ, ಸುಮ್ಮನಾಯ್ತು." ಅವನ ತಾಯಿ "ಎಂತದು ಮಾರಾಯ!" ಅಂತ ತಲೆಗೆ ಕೈ ಹಚ್ಚಿ ಕೂತಳು. ಫೋನಿನಲ್ಲಿ ಆ ಹೊತ್ತಿನ ಲೆಕ್ಕ ಚೊಕ್ಕವಾಗಿತ್ತು.

ಒತ್ತಿದ್ದು ಗೊತ್ತು, ಎಳೆದದ್ದು ಗೊತ್ತಿಲ್ಲ. ಬಹಳಷ್ಟು ಯಂತ್ರಗಳ ಮಿತಿ ಇದು. ಉಸಿರಿನ ವೇಗ ಅಳೆಯುವ, ಎಳೆಯುವ ಸದ್ದನ್ನೇ ದಾಖಲಿಸುವ ಯಂತ್ರಗಳನ್ನೂ ಮಾಡಿದ್ದಾರೆ. ಐರ್ಲೆಂಡಿನವರು ಸದ್ದಿನದ್ದರಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ಮೋಸದ ಕಥೆ ಹುಡುಗರದ್ದು ಮಾತ್ರ ಅಂತ ನಗಬೇಡಿ. ಅಮೆರಿಕದ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ತೊಂದರೆ ಇದ್ದ ಸಿಗರೇಟು ಸೇದುವ ದೊಡ್ಡವರಿಗೆ ಪಂಪು ಕೊಟ್ಟಿದ್ದರು. ಒಳಗೆ ಗಂಟೆ ಬರೆದಿಡುವ ಯಂತ್ರ ಇದೆ ಅಂತ ಕೆಲವರಿಗೆ ಹೇಳಿರಲಿಲ್ಲ. ಹಾಗೆ ಹೇಳದೆ ಇದ್ದವರಲ್ಲಿ ಸುಮಾರು 30% ಮಂದಿ ಮೂರು ಗಂಟೆಯೊಳಗೆ 100ಕ್ಕಿಂತ ಜಾಸ್ತಿ ಸಲ ಒತ್ತಿದ್ದರು. ಡಾಕ್ಟರು ಪಂಪು ತೂಗಿ ನೋಡುತ್ತಾರೆ ಅಂತ ಹೊರಡುವ ಮೊದಲು ಗಾಳಿಗೆ ಬಿಟ್ಟು ಖಾಲಿ ಮಾಡಿದ್ದು! ಯಂತ್ರ ಇದೆ ಅಂತ ಗೊತ್ತಿದ್ದವರಲ್ಲಿ ಈ ಆಟ ನಡೆಯಲೇ ಇಲ್ಲ ಅನ್ನುವಷ್ಟು ಕಡಿಮೆ. ಹೇಳಿಯೇ ಇಟ್ಟರೆ ಜನ ನೆಟ್ಟಗೆ ಇರುತ್ತಾರೆ ಅಂತ ನನಗೆ ಅನಿಸುವುದು.

ಮಕ್ಕಳ ಬಗ್ಗೆ ಇರುವ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. 1996ರಲ್ಲಿ ಅಮೆರಿಕದ ಡೆನ್ವರಿನಲ್ಲಿ 8ರಿಂದ 12 ವರ್ಷದ 24 ಮಕ್ಕಳ ಸ್ಟಿರಾಯ್ಡ್ ಪಂಪಿಗೆ ಎಣಿಸುವ ಯಂತ್ರ ಇಟ್ಟರು. ಡೈರಿಯಲ್ಲಿಯೂ ಬರೆಯಲು ಹೇಳಿದರು. ಡೈರಿಯ ಪ್ರಕಾರ 95% ಮದ್ದು ಹೋಗಿತ್ತು. ಯಂತ್ರದ ಪ್ರಕಾರ 58%. ಉಬ್ಬಸ ಉಲ್ಬಣಿಸಿ ಸ್ಟಿರಾಯ್ಡ್ ನುಂಗಬೇಕಾಗಿ ಬಂದ ಮಕ್ಕಳಲ್ಲಿ ಯಂತ್ರ ತೋರಿಸಿದ್ದು ಬರೀ 14%ದಷ್ಟು. ಡೈರಿ ಬರೆದವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಡಾಕ್ಟರ ಎದುರು ಕೂತಾಗ "ದಿನಾ ಕೊಡ್ತೇವೆ ಡಾಕ್ಟ್ರೇ" ಅಂತಲೇ ಬಾಯಿಗೆ ಬರುವುದು. ನಾನು ಕೇಳಿದರೂ ಹಾಗೇ ಹೇಳುತ್ತಾರೆ.

ಬರೀ ಎಣಿಸಿದರೆ ಸಾಕಾ? ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಉಬ್ಬಸ ಜೋರಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ 6ರಿಂದ 15 ವರ್ಷದ 220 ಮಕ್ಕಳಿಗೆ ಯಂತ್ರ ಕೊಟ್ಟರು. ಅರ್ಧ ಮಕ್ಕಳದ್ದು ಕೂಗಿ ನೆನಪಿಸುತ್ತಿತ್ತು, ಉಳಿದವರದ್ದು ಸುಮ್ನೆ ಎಣಿಸುತ್ತಿತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೂಗುವ ಯಂತ್ರದ ಮಕ್ಕಳು 84% ಮದ್ದು ತೆಗೆದುಕೊಂಡಿದ್ದರು, ಸುಮ್ಮನಿದ್ದ ಯಂತ್ರದವರು 30%. ಇದನ್ನು ಓದಿ ನಾನೂ ಕುಣಿದೆ. ಆದರೆ ಶಾಲೆ ತಪ್ಪಿದ ದಿನಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. 2017ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಕಡೆಯ 90 ಮಕ್ಕಳ ಅಧ್ಯಯನ ಬಂತು. ಅಲ್ಲಿ ಯಂತ್ರ ಕೂಗುವುದರ ಜೊತೆಗೆ, ಮೂರು ತಿಂಗಳಿಗೊಮ್ಮೆ ಮಗು, ಹೆತ್ತವರು, ಡಾಕ್ಟರು ಒಟ್ಟಿಗೆ ಕೂತು ಆ ಲೆಕ್ಕವನ್ನು ನೋಡಿ ಮಾತಾಡಿದರು. ಹಾಗೆ ಮಾಡದ ಗುಂಪಿನಲ್ಲಿ 49% ಮದ್ದು ಹೋದರೆ, ಇವರಲ್ಲಿ 70% ಹೋಯಿತು. ಉಬ್ಬಸದ ಪ್ರಶ್ನಾವಳಿಯ ಅಂಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ಸ್ಟಿರಾಯ್ಡ್ ನುಂಗುವ ಪ್ರಸಂಗಗಳು, ಆಸ್ಪತ್ರೆಗೆ ಸೇರುವುದು, ಎರಡೂ ಕಡಿಮೆಯಾದವು. ನನಗೆ ಆಕ್ಲೆಂಡಿನ 84ಕ್ಕಿಂತ ಶೆಫೀಲ್ಡಿನ 70 ದೊಡ್ಡದಾಗಿ ಕಾಣುತ್ತದೆ. ಒಟ್ಟಿಗೆ ಕೂತು ಮಾತಾಡಿದ್ದೂ ಅಲ್ಲಿ ಕೆಲಸ ಮಾಡಿದೆ ಅಂತ ನನ್ನ ಅನಿಸಿಕೆ.

ಮಾತಾಡಿದರೆ ಏನು ಹೊರಬರುತ್ತದೆ ಅಂತ ನನಗೆ ಗೊತ್ತು, ಅಂಗಡಿಯಲ್ಲಿ ಜನ ಕಡಿಮೆ ಇದ್ದಾಗ ನಾನೂ ಕೇಳುತ್ತೇನೆ. ಬೆಳಿಗ್ಗೆ ಶಾಲೆಯ ಬಸ್ಸು ಏಳೂವರೆಗೆ ಬರುತ್ತದೆ, ಸ್ಪೇಸರಿಗೆ, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆಗೆ, ಪಂಪು ಸಿಕ್ಕಿಸಿ ಎಳೆಸುವಷ್ಟು ಹೊತ್ತು ಯಾರಿಗಿದೆ? ತಾಯಿ ಹಾಲು ಕೊಡಲು ಡೈರಿಗೆ ಹೋಗಿರುತ್ತಾಳೆ. ಅಜ್ಜಿಗೆ ಪಂಪು ಹಿಡಿಯಲು ಬರುವುದಿಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು ಅಂತ ಯಾರೂ ಹೇಳಿರುವುದಿಲ್ಲ, ಬಾಯಿ ಹುಣ್ಣಾಗಿ ಮಗು ಬೇಡ ಅನ್ನುತ್ತದೆ. ಹೈಸ್ಕೂಲಿನ ಹೆಣ್ಣುಮಕ್ಕಳ ಪಂಪು ಬಟ್ಟೆಯ ಅಡಿಯಲ್ಲಿ ಅಡಗಿರುತ್ತದೆ. ನೆಂಟರು ಬಂದರೆ ಇನ್ನೂ ಒಳಗೆ ಹೋಗುತ್ತದೆ, ಮುಂದೆ ಮದುವೆಗೆ ತೊಂದರೆಯಾದೀತು ಅಂತ. ಒಂದು ಶಾಲೆಯಲ್ಲಿ ಮಕ್ಕಳ ನೀಲಿ ಪಂಪನ್ನು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಇದ್ದ ಮಾಷ್ಟ್ರು ರಜೆ ಹಾಕಿದ ದಿನವೇ ನಮ್ಮ ಪಕ್ಕದ ಮನೆಯ ಹುಡುಗನಿಗೆ ಆಟದ ಪೀರಿಯಡ್ಡಿನಲ್ಲಿ ದಮ್ಮು ಕಟ್ಟಿತು. ಆಟೋದಲ್ಲಿ ಹಾಕಿಕೊಂಡು ಹೋಗಿ, ಮದ್ದನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಕೊಡಿಸಿದರು. ಹುಡುಗ ಹುಷಾರಾದ. ಪಂಪು ಅವನ ಚೀಲದಲ್ಲೇ ಇದ್ದಿದ್ದರೆ ಆಟೋ ಬೇಡವಾಗಿತ್ತು.

ಇಂಥ ಮನೆಗೆ ಯಂತ್ರ ಬಂದು "ಬೆಳಗಿನ ಮದ್ದು ತಪ್ಪುತ್ತಿದೆ, ರಾತ್ರಿಯದ್ದು ಸರಿ ಇದೆ" ಅಂತ ತೋರಿಸಿದರೆ, ಡಾಕ್ಟರು ರಾತ್ರಿ ಒಂದೇ ಹೊತ್ತಿಗೆ ಆಗುವ ಮದ್ದು ಬರೆಯಬಹುದು. ಯಂತ್ರದ ಬೆಲೆ ಬರುವುದು ಹೀಗೆ. ಬೈಯಲು ಬಳಸಿದರೆ ಕಿಟಕಿಯ ಹೊರಗೆ ಒತ್ತುವ ಹುಡುಗರು ಹೆಚ್ಚುತ್ತಾರೆ, ಅಷ್ಟೇ.

ಬೈಯುವ ವಿಷಯ ಯಾಕೆ ಬಂತು ಅಂದರೆ, ನಮ್ಮ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಮನೆಗಳ ಫೋನಿನ ಇನ್ನೊಂದು ತುದಿ ಗಲ್ಫಿನಲ್ಲಿರುತ್ತದೆ. ಯಂತ್ರದ ಕಥೆ ಹೇಳಿದಾಗ ರಜೆಯಲ್ಲಿ ಬಂದಿದ್ದ ಒಬ್ಬ ತಂದೆ, "ಹಾಗಾದರೆ ನನಗೆ ಶಾರ್ಜಾದಲ್ಲೇ ಕೂತು ನೋಡಬಹುದಾ ಅಣ್ಣ?" ಅಂತ ಕೇಳಿದ. ನೋಡಬಹುದು. ಮಗುವಿನ ಉಸಿರಿನ ಚಿಂತೆಯಲ್ಲಿ ನಿದ್ದೆಗೆಟ್ಟ ತಂದೆಗೆ ಅದು ದೊಡ್ಡ ಸಮಾಧಾನ. ಆದರೆ ಅದೇ ಫೋನಿನಿಂದ ಹೆಂಡತಿಗೆ, "ನಿನ್ನೆ ಸಂಜೆ ಯಾಕೆ ಕೊಡಲಿಲ್ಲ? ನಿನಗೆ ಬೇರೆ ಎಂತ ಕೆಲಸ?" ಅಂತ ಕರೆ ಬರುವುದೂ ಸುಲಭ. ದನ, ಅತ್ತೆ ಮಾವ, ಎರಡು ಮಕ್ಕಳು, ಅಡಿಕೆಯ ಕೆಲಸದವರಿಗೆ ಊಟ, ಇವೆಲ್ಲ ಆಪ್‌ನಲ್ಲಿ ಕಾಣುವುದಿಲ್ಲ. ಮಗು ಮದ್ದು ತಪ್ಪಿಸಿದ ಪ್ರತಿ ಗೆರೆಯೂ ತಾಯಿಯ ಮೇಲಿನ ದೂರು ಆಗಿಬಿಡುತ್ತದೆ. ಯಂತ್ರ ಕೊಡುವವರು ಇದನ್ನು ಮೊದಲೇ ಯೋಚಿಸಬೇಕು.

ನೀಲಿ ಪಂಪಿಗೆ ಯಂತ್ರ ಇಟ್ಟರೆ ಇನ್ನೊಂದು ಲಾಭ ಇದೆ, ಅದರ ಬಗ್ಗೆ ನಮ್ಮವರು ಯಾರೂ ಬರೆದದ್ದು ನಾನು ನೋಡಿಲ್ಲ. ಅಮೆರಿಕದ ಲೂಯಿವಿಲ್ ನಗರದಲ್ಲಿ ಜನ ನೀಲಿ ಪಂಪನ್ನು ಎಲ್ಲಿ, ಯಾವಾಗ ಒತ್ತಿದರು ಎಂದು ಯಂತ್ರದಿಂದ ತಿಳಿದು ನಕ್ಷೆ ಮಾಡಿದರು. ಗಾಳಿ ಕೆಟ್ಟ ಜಾಗಗಳು ಎದ್ದು ಕಂಡವು. ಇಲ್ಲಿ ಅಂಥದ್ದು ಮಾಡಿದರೆ ಏನು ಕಾಣಬಹುದು? ಬಚ್ಚಲ ಒಲೆಗೆ ಹಸಿ ಮಡಲು ತುರುಕುವ ಹೊತ್ತು. ಅಟ್ಟದಿಂದ ಚಾಲಿ ಅಡಿಕೆ ಇಳಿಸಿ ಸುಲಿಯುವ ದಿನ. ಆಟಿಯಲ್ಲಿ ಗೋಡೆಗೆ ಬೂಸ್ಟು ಹಿಡಿಯುವ ಕಾಲ. ಕೆಂಪುಕಲ್ಲಿನ ಕೋರೆಯ ಧೂಳು. ಚಳಿಗಾಲದಲ್ಲಿ ತರಗೆಲೆ ಸುಡುವ ಹೊಗೆ. ಇವೆಲ್ಲ ನನ್ನ ಅಂದಾಜು, ಅಂಗಡಿಗೆ ಓಡಿ ಬರುವವರ ಮುಖ ನೋಡಿ ಕಟ್ಟಿದ್ದು. ದಾಖಲೆ ಬೇರೆಯೇ ಹೇಳೀತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಕಾಲವನ್ನು ಎಣ್ಮಕಜೆ ಪಂಚಾಯತಿನ ನಾವು ಮರೆಯುವ ಹಾಗಿಲ್ಲ. ಯಾವ ದಿನ, ಯಾವ ಮನೆಯಲ್ಲಿ, ಯಾರಿಗೆ ಏನಾಯಿತು ಎಂಬ ಲೆಕ್ಕಕ್ಕಾಗಿ ಆಮೇಲೆ ಎಷ್ಟು ವರ್ಷ ಅಲೆಯಬೇಕಾಯಿತು! ಹೊತ್ತಿಗೆ ಬರೆದಿಟ್ಟ ಲೆಕ್ಕದ ಬೆಲೆ ಈ ಊರಿಗೆ ಗೊತ್ತಿದೆ.

ಹಾಗಾದರೆ ಎಲ್ಲ ಮಕ್ಕಳಿಗೂ ಯಂತ್ರ ಹಂಚಬೇಕಾ? ಬೇಡ. ಸ್ಪೇಸರ್ ಇಲ್ಲದೆ ಪಂಪು ಎಳೆಯುವ ಮಕ್ಕಳು ಇನ್ನೂ ಇರುವಾಗ ಅದು ದುಂದು. ಮದ್ದು ನಾಲಿಗೆಗೆ ಬಡಿದು ಹೊಟ್ಟೆಗೆ ಹೋಗುತ್ತಿದ್ದರೆ ಅದನ್ನು ಎಷ್ಟು ನಿಖರವಾಗಿ ಎಣಿಸಿ ಏನು ಪ್ರಯೋಜನ? ಯಂತ್ರ ಬೇಕಾದದ್ದು ಎರಡು ಪಂಪು ಬರೆದುಕೊಟ್ಟು, ಎಳೆಯುವ ಕ್ರಮ ಕಲಿಸಿದ ಮೇಲೂ ಉಬ್ಬಸ ಬಗ್ಗದ ಮಕ್ಕಳಿಗೆ. ಅಂಥ ಮಗುವಿಗೆ ಮದ್ದು ಸಾಲುತ್ತಿಲ್ಲವೋ, ಮದ್ದು ಒಳಗೆ ಹೋಗುತ್ತಲೇ ಇಲ್ಲವೋ? ಅದು ಗೊತ್ತಾಗದೆ ಡಾಕ್ಟರು ಡೋಸು ಏರಿಸುತ್ತಾ ಹೋಗುತ್ತಾರೆ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಕೊನೆಗೆ ದುಬಾರಿ ಇಂಜೆಕ್ಷನ್ನಿನ ಮಾತು ಬರುತ್ತದೆ. ಅದಕ್ಕಿಂತ ಮೊದಲು ಎರಡು ಮೂರು ತಿಂಗಳು ಯಂತ್ರ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಸಿಕ್ಕಿದ ಮೇಲೆ ಯಂತ್ರ ವಾಪಸ್ ಕೊಟ್ಟರಾಯಿತು, ಒರೆಸಿ ಇನ್ನೊಂದು ಮಗುವಿನ ಪಂಪಿಗೆ ಸಿಕ್ಕಿಸಬಹುದು. ಅದಕ್ಕೇ ನಾನು ಎರವಲು ಅಂದದ್ದು.

ಕೇರಳ ಆರೋಗ್ಯ ಇಲಾಖೆ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ದಮ್ಮಿನ ಕಾಯಿಲೆಯವರಿಗಾಗಿ 'ಶ್ವಾಸ್' ಕ್ಲಿನಿಕ್ ನಡೆಸುತ್ತಿದೆ. ಜಾಗ ಇದೆ, ನರ್ಸುಗಳಿದ್ದಾರೆ, ರೋಗಿಗಳ ಪುಸ್ತಕ ಇದೆ. ಉಕ್ಕಿನಡ್ಕದಲ್ಲಿ 2013ರಲ್ಲಿ ಅಡಿಗಲ್ಲು ಬಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ನಮ್ಮ ಬಾಗಿಲಲ್ಲೇ ಇದೆ. ಜಿಲ್ಲೆಗೆ ಒಂದು ಪೆಟ್ಟಿಗೆಯಷ್ಟು ಯಂತ್ರ ಅಲ್ಲಿ ಇಡಲಿ. ಶ್ವಾಸ್ ಕ್ಲಿನಿಕ್‌ನಿಂದ ಚೀಟಿ ತಂದ ಮಗುವಿಗೆ ಕೊಡಲಿ. 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ತಲಪಾಡಿಯ ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರನ್ನೇ ನೆಚ್ಚಿದ್ದ ನಮ್ಮ ರೋಗಿಗಳ ಪಾಡು ಏನಾಯಿತು ಅಂತ ನಿಮ್ಮ ಪತ್ರಿಕೆಗೆ ನಾನು ಹೇಳಬೇಕಿಲ್ಲ. ಮಕ್ಕಳ ಉಬ್ಬಸದ ಲೆಕ್ಕವಾದರೂ ಗಡಿಯ ಈಚೆ ಇರಲಿ.

ಕೊಡುವಾಗ ಮಗುವಿಗೆ ಎದುರಲ್ಲೇ ಹೇಳಬೇಕು, "ಇದು ಎಣಿಸುತ್ತದೆ, ಎಣಿಸಿದ್ದನ್ನು ನಾವೆಲ್ಲ ಒಟ್ಟಿಗೆ ನೋಡುತ್ತೇವೆ" ಅಂತ. ಕದ್ದು ಇಡಬಾರದು. ಲೆಕ್ಕ ಶಾಲೆಗೆ ಹೋಗಬಾರದು, ವಿಮೆ ಕಂಪನಿಗಂತೂ ಹೋಗಲೇಬಾರದು. 2023ರ ಡಿಜಿಟಲ್ ಮಾಹಿತಿ ರಕ್ಷಣೆಯ ಕಾನೂನಿನಲ್ಲಿ 18ಕ್ಕಿಂತ ಕೆಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಅಂತ ಇದೆ. ಆದರೆ ಫೋನಿನಲ್ಲಿ ಬರುವ ಉದ್ದದ ಇಂಗ್ಲಿಷ್ ಷರತ್ತಿಗೆ 'ಸರಿ' ಅಂತ ಒತ್ತುವುದನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಗಡಿನಾಡಿನಲ್ಲಿ ಆ ಕಾಗದ ಕನ್ನಡದಲ್ಲಿ ಇರಬೇಕು. ನರ್ಸು ಮಲಯಾಳದಲ್ಲಿ ಹೇಳಿದ್ದು ಪೇಟೆಯವರಿಗೆ ಅರ್ಥವಾಗುತ್ತದೆ, ಒಳಗಿನ ಹಳ್ಳಿಯಿಂದ ಬಂದ ಅಜ್ಜಿಗೆ ಅರ್ಧ ಮಾತ್ರ. ಪಂಪು ಹಿಡಿಯುವುದು ಹೆಚ್ಚಾಗಿ ಆ ಅಜ್ಜಿಯೇ.

ಯಂತ್ರ ಯಾವ ಕಂಪನಿಯದ್ದು ಅಂತಲೂ ನೋಡಿಕೊಳ್ಳಬೇಕು. ಒಳಗೇ ಎಣಿಕೆಯ ವ್ಯವಸ್ಥೆ ಇದ್ದ 'ಡಿಜಿಹೇಲರ್' ಪಂಪಿಗೆ 2018ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದಾಗ ದೊಡ್ಡ ಸುದ್ದಿಯಾಗಿತ್ತು. 2024ರಲ್ಲಿ ಕಂಪನಿಯೇ ಅದನ್ನು ನಿಲ್ಲಿಸಿತು. ಆಪ್ ನಿಂತರೆ ಯಂತ್ರ ಬರೀ ಪ್ಲಾಸ್ಟಿಕ್ಕು. ಹಾಗಾಗಿ ಫೋನಿಲ್ಲದೆಯೂ ಲೆಕ್ಕ ತೋರಿಸುವಂಥದ್ದು, ಬೇರೆ ಬೇರೆ ಕಂಪನಿಯ ಪಂಪಿಗೆ ಕೂರುವಂಥದ್ದು ಸಿಕ್ಕಿದರೆ ಅದನ್ನೇ ಕೊಳ್ಳಲಿ.

ಅದೆಲ್ಲ ಆಗುವ ತನಕ ನಾನು ಮಾಡುವುದು ಸಣ್ಣ ಕೆಲಸ. ಪಂಪು ಕೊಡುವಾಗ ಅದರ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ಎರಡು ತಾರೀಕು ಬರೆಯುತ್ತೇನೆ, ಶುರು ಮಾಡುವ ದಿನ ಮತ್ತು ಮುಗಿಯಬೇಕಾದ ದಿನ. ಹೊಸದು ಕೇಳಿದರೆ ಹಳೆಯದು ತನ್ನಿ ಅನ್ನುತ್ತೇನೆ. ಕೆಲವರಿಗೆ ಇದು ಕಿರಿಕಿರಿ. "ಇವರದ್ದೊಂದು ಹೆಚ್ಚಿನ ಶಾಸ್ತ್ರ" ಅಂತ ಬೇರೆ ಅಂಗಡಿಗೆ ಹೋದವರೂ ಇದ್ದಾರೆ. ಹೋಗಲಿ. ಬೇರೆ ಮದ್ದಿನಂಗಡಿಯವರೂ ತಾರೀಕು ಬರೆಯಲು ಶುರು ಮಾಡಿದರೆ ಅವರಿಗೆ ಹೋಗಲು ಜಾಗ ಇರುವುದಿಲ್ಲ! ಎಲ್ಲ ಪಂಪಿಗೂ ಉಳಿದ ಎಳೆತ ತೋರಿಸುವ ಕಿಟಕಿ ಕಡ್ಡಾಯ ಮಾಡಲು ಸರ್ಕಾರ ಕಂಪನಿಗಳಿಗೆ ಹೇಳಬಹುದು. ಅದಕ್ಕೆ ಬ್ಯಾಟರಿಯೂ ಬೇಡ, ರೇಂಜೂ ಬೇಡ.

ನಿಮ್ಮಲ್ಲಿ ಒಂದು ಕೋರಿಕೆ. ಮೇ ತಿಂಗಳ ಮೊದಲ ಮಂಗಳವಾರ ವಿಶ್ವ ಅಸ್ತಮಾ ದಿನ. ನಮ್ಮಲ್ಲಿ ಜೂನ್ ಬಂತೆಂದರೆ ಶಾಲೆ, ಮಳೆ, ಶೀತ ಮೂರೂ ಒಟ್ಟಿಗೆ ಶುರುವಾಗಿ ಅಂಗಡಿಯಲ್ಲಿ ನೀಲಿ ಪಂಪಿಗೆ ನೂಕುನುಗ್ಗಲು. ಆ ಮಂಗಳವಾರದ ಕಾಸರಗೋಡು ಆವೃತ್ತಿಯಲ್ಲಿ, ಮಗುವಿಗೆ ಪಂಪು ಎಳೆಸುವ ಕ್ರಮವನ್ನು ಚಿತ್ರದ ಜೊತೆ ಅರ್ಧ ಪುಟ ಹಾಕುವಿರಾ? ಕುಲುಕುವುದು, ಸ್ಪೇಸರಿಗೆ ಸಿಕ್ಕಿಸುವುದು, ಒಂದು ಸಲಕ್ಕೆ ಒಂದೇ ಒತ್ತುವುದು, ನಿಧಾನ ಉಸಿರಾಡಿಸುವುದು, ಅರ್ಧ ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಬಾಯಿ ಮುಕ್ಕಳಿಸುವುದು. ನಾನು ಅದನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ. ಚಿತ್ರದಲ್ಲಿ ಸ್ಪೇಸರ್ ಇರಲೇಬೇಕು. ಹೋದ ಸಲದ ಚಿತ್ರದಲ್ಲಿ ಮಗು ಬರೀ ಪಂಪನ್ನೇ ಬಾಯಿಗೆ ಇಟ್ಟುಕೊಂಡಿತ್ತು.

ಇತಿ,
ಬದಿಯಡ್ಕ–ಪೆರ್ಲ ದಾರಿಯ ಒಬ್ಬ ಮದ್ದಿನಂಗಡಿಯವ